ಗ್ಲೈಡರಿನ ಕೆಳಗೆ ಗೌಸಿಯಾಳ ಗಾಡಿ

"ಎಡಕ್ಕ ತಗೋ" ಎಂದು ಲಾಲ್ ಅಹ್ಮದ್ ಹೇಳಿದ ಕಡೆ ಎಡಕ್ಕೆ ಎಂದೂ ರಸ್ತೆ ಇರುತ್ತಿರಲಿಲ್ಲ. ಕಟಾವಾದ ತೊಗರಿ ಹೊಲ ಇರುತ್ತಿತ್ತು, ಇಲ್ಲವೇ ಬತ್ತಿದ ಹಳ್ಳ. ಒಮ್ಮೆ ಯಾರದೋ ಮನೆಯ ಹಿತ್ತಲೇ ಎದುರಾಗಿತ್ತು, ಅಲ್ಲೊಬ್ಬ ಮುದುಕಿ ಸಂಡಿಗೆ ಒಣಹಾಕುತ್ತ ಕೂತಿದ್ದಳು. ಪಿಕಪ್ ಗಾಡಿಯ ಸ್ಟಿಯರಿಂಗ್ ಹಿಡಿದ ಗೌಸಿಯಾ ಪ್ರತಿ ಸಲವೂ ಬ್ರೇಕ್ ಒತ್ತಿ, ಹಿಂದಿನ ಕಿಟಕಿಯ ಸರಳುಗಳ ಕಡೆ ತಿರುಗಿ, ದಾರಿ ಎಲ್ಲಿದೆ ತೋರಿಸಿರಿ ಎಂದು ಕೇಳುತ್ತಿದ್ದಳು. ಹಿಂದೆ ಸಾಮಾನು ಹೇರುವ ಜಾಗದಲ್ಲಿ, ನಟ್ಟು ಬಿಗಿದ ಕುರ್ಚಿಗೆ ಬೆಲ್ಟು ಕಟ್ಟಿಕೊಂಡು ಕೂತಿರುತ್ತಿದ್ದ ಅವಳ ಗಂಡ ಲಾಲ್ ಅಹ್ಮದ್ ಕತ್ತು ಇಳಿಸುತ್ತಲೇ ಇರಲಿಲ್ಲ. ಮುಖ ಮುಗಿಲಲ್ಲಿ ಹಾರುವ ಗ್ಲೈಡರಿನ ಕಡೆಗೆ, ಬೆರಳು ಅದರ ರಿಮೋಟಿನ ಮೇಲೆ. ದಾರಿ, ದನ, ಲಾರಿ, ಗುಂಡಿ ಇವೆಲ್ಲ ಕೆಳಗಿನವರ ಕೆಲಸ ಎಂಬಂತೆ ಇರುತ್ತಿದ್ದ.

ಅವನ ಪಕ್ಕದಲ್ಲಿ ಸರಳು ಹಿಡಿದು ನಿಲ್ಲುತ್ತಿದ್ದ ಭೀಮಶಾನದು ಬೇರೆಯೇ ಫಜೀತಿ. ತಾಜಸುಲ್ತಾನಪುರದ ಈ ಭೀಮಶಾ ಹುಮನಾಬಾದ ರೂಟಿನ ಬಸ್ಸಿನಲ್ಲಿ ಬಹಳ ವರ್ಷದಿಂದ ಕಂಡಕ್ಟರ್. 'ರೈಟ್' ಎಂದರೆ ಅವನ ಬಾಯಲ್ಲಿ ಗಾಡಿ ಬಿಡು ಎಂದರ್ಥ. ಆದರೆ ಗ್ಲೈಡರ್ ಬಲಕ್ಕೆ ಹೊರಳಿದಾಗಲೂ ಅವನು 'ರೈಟ್' ಎಂದೇ ಕೂಗುತ್ತಿದ್ದ. ಮುಂದಕ್ಕೆ ಬಿಡಬೇಕೋ ಬಲಕ್ಕೆ ತಿರುವಬೇಕೋ ಗೊತ್ತಾಗದೆ ಗೌಸಿಯಾ ಎಷ್ಟು ಸಲ ನಡುರಸ್ತೆಯಲ್ಲಿ ತಡವರಿಸಿದ್ದಳೋ ಲೆಕ್ಕವಿಲ್ಲ. ಬಲಕ್ಕೆ ಎನ್ನು, ಇಲ್ಲವೇ ನಮ್ಮ ಮಾತಿನಲ್ಲಿ ದಾಯೆಂ ಎನ್ನು, ಏನಾದರೂ ಒಂದನ್ನು ಅನ್ನು ಎಂದು ಅವಳು ಬೇಡಿಕೊಂಡಿದ್ದಳು. ಅವನು ಹೂಂ ಎನ್ನುತ್ತಿದ್ದ. ಗ್ಲೈಡರ್ ಏರಿದ ಕೂಡಲೇ ಗಾಡಿಯ ತಗಡು ಬಡಿದು ಮತ್ತೆ ರೈಟ್, ರೈಟ್.

ಗೌಸಿಯಾ ಈ ಕೆಲಸಕ್ಕೆ ತಾನಾಗಿ ಬಂದವಳಲ್ಲ. ಅವಳ ತಂದೆ ಚಾಂದಪಾಶಾ ರಿಂಗ್ ರೋಡಿನ ಹತ್ತಿರ ಏರ್ ಕೂಲರ್‌ಗಳ ತಗಡಿನ ಡಬ್ಬಿ ಮಾಡುತ್ತಿದ್ದ. ಗಂಡುಮಕ್ಕಳಿಲ್ಲದ ಕಾರಣಕ್ಕೋ, ಡ್ರೈವರುಗಳು ಬೇಸಿಗೆಯ ನಡುವೆಯೇ ಕೆಲಸ ಬಿಟ್ಟು ಹೋಗುತ್ತಿದ್ದ ಕಾರಣಕ್ಕೋ, ಮಗಳ ಕೈಗೆ ಟೆಂಪೋ ಕೊಟ್ಟು ಓಡಿಸಲು ಕಲಿಸಿದ. ಈಗ ಅಂಗಡಿ ಅವಳದು, ಗಾಡಿ ಅವಳದು. ಮಾರ್ಚಿನಿಂದ ಜೂನಿನವರೆಗೆ ಕಲಬುರಗಿಯ ಗಲ್ಲಿಗಲ್ಲಿಗೆ ಕೂಲರ್ ಮುಟ್ಟಿಸುತ್ತಾಳೆ. ರೋಜಾ ಓಣಿಯ ಇಕ್ಕಟ್ಟಿನಲ್ಲಿ ಹಿಮ್ಮುಖವಾಗಿ ಗಾಡಿ ತೆಗೆಯುವುದು, ಶರಣಬಸವೇಶ್ವರ ಗುಡಿಯ ಮುಂದಿನ ಜನದಲ್ಲಿ ಹಾರ್ನ್ ಹೊಡೆಯದೆ ದಾಟುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಗಾಡಿಗೆ ಒಂದು ಗೀರೂ ಇಲ್ಲ ಎಂಬ ಹೆಮ್ಮೆ ಇತ್ತು. ಗಂಡನ ಗ್ಲೈಡರ್ ರೇಸು ಶುರುವಾದ ಮೇಲೆ ಆ ಹೆಮ್ಮೆ ಜಾಲಿಮುಳ್ಳಿಗೆ ಸಿಕ್ಕು ಹರಿಯಿತು. ಮೊದಲ ವರ್ಷ ಗೊತ್ತು ಮಾಡಿದ ಡ್ರೈವರ್ ಬರಲಿಲ್ಲವೆಂದು ಒಂದೇ ದಿನದ ಮಟ್ಟಿಗೆ ಕೂತವಳಿಗೆ ಆಮೇಲೆ ಇಳಿಯಲು ಆಗಲೇ ಇಲ್ಲ.

ಲಾಲ್ ಅಹ್ಮದನ ಉದ್ಯೋಗ ಹಲ್ಲು ಮಾಡುವುದು. ಸೂಪರ್ ಮಾರ್ಕೆಟ್ಟಿನ ಹಿಂದಿನ ಲ್ಯಾಬಿನಲ್ಲಿ ದಂತವೈದ್ಯರು ಕಳಿಸಿದ ಅಚ್ಚುಗಳಿಗೆ ಪ್ಲಾಸ್ಟರ್ ಹುಯ್ದು, ಮೇಣ ತೀಡಿ, ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುತ್ತಿದ್ದ. ಅಚ್ಚು ಹಾಕುವ ಅದೇ ವಿದ್ಯೆಯಿಂದ ಮನೆಯಲ್ಲಿ ಗ್ಲೈಡರಿನ ಮೈ ಮಾಡುತ್ತಿದ್ದ. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ರಾಳದ ಡಬ್ಬಿ. ಅಡುಗೆಮನೆಯ ದೊಡ್ಡ ಕುಕ್ಕರ್ ಒಂದು ದಿನ ಕಾಣೆಯಾಗಿ, ಮಾಳಿಗೆಯ ಮೇಲೆ ಗ್ಲೈಡರಿನ ಬಾಲದ ತುಂಡನ್ನು ಬೇಯಿಸುತ್ತ ಸಿಕ್ಕಿತು. ಹೊಸ ಕುಕ್ಕರ್ ತಂದರೆ ಅದೂ ಹೋದೀತೆಂದು ಅವಳು ತರಲಿಲ್ಲ, ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಿದಳು. ಮಂಚದ ಉದ್ದವನ್ನೂ ಮೀರಿದ ರೆಕ್ಕೆಗಳು ಪಡಸಾಲೆಯ ಗೋಡೆಗೆ ಒರಗಿ ವರ್ಷವಿಡೀ ನಿಂತಿರುತ್ತಿದ್ದವು. ಬಂದ ನೆಂಟರು ಅದರ ಕಡೆ ಬೆನ್ನು ತಾಗದಂತೆ ನೆಟ್ಟಗೆ ಕೂತು ಚಹಾ ಕುಡಿದು ಹೋಗುತ್ತಿದ್ದರು.

ಆ ಗ್ಲೈಡರಿಗೆ ಮೋಟಾರು ಇಲ್ಲ. ನೆಲಕ್ಕೆ ಬಿಗಿದ ಯಂತ್ರವೊಂದು ಹಗ್ಗ ಸುತ್ತುತ್ತ ಅದನ್ನು ಗಾಳಿಪಟದ ಹಾಗೆ ಮೇಲಕ್ಕೆಳೆದು ಬಿಡುತ್ತದೆ. ಅಲ್ಲಿಂದ ಮುಂದೆ ಕಾದ ನೆಲದಿಂದ ಏಳುವ ಬಿಸಿಗಾಳಿಯನ್ನು ಹುಡುಕಿ, ಅದರಲ್ಲಿ ಸುತ್ತಿ ಸುತ್ತಿ ಏರಿ, ಏರಿದ್ದನ್ನು ಖರ್ಚು ಮಾಡುತ್ತ ಮುಂದೆ ಸಾಗಬೇಕು. ಹಾರಿಸುವವನಿಗೆ ಅದು ಸದಾ ಕಾಣುತ್ತಿರಬೇಕು, ಆದ್ದರಿಂದ ಅವನನ್ನು ಕೂರಿಸಿಕೊಂಡು ಗಾಡಿಯೊಂದು ಕೆಳಗೆ ಓಡಬೇಕು. ಹೈದರಾಬಾದು, ಸೊಲ್ಲಾಪುರ, ಬೀದರಿನಿಂದ ಒಂದೊಂದು ತಂಡ, ಕಲಬುರಗಿಯಿಂದ ಇವರದು. ಪ್ರತಿ ಫೆಬ್ರವರಿ ತೊಗರಿ ರಾಶಿ ಮುಗಿದ ಮೇಲೆ ತಾಜಸುಲ್ತಾನಪುರದ ಬಯಲಿನಿಂದ ಹೊರಟು, ಕಮಲಾಪುರದ ಆಚೆ ನೆಟ್ಟ ಕೆಂಪು ಬಾವುಟ ಸುತ್ತಿ ವಾಪಸು ಬರಬೇಕು. ಕೆಳಗಿಳಿದರೆ ಇಳಿದ ಜಾಗದಿಂದಲೇ, ಗಾಡಿಯಲ್ಲಿ ಒಯ್ದ ಯಂತ್ರ ಬಿಗಿದು, ಮತ್ತೆ ಏರಿಸಬಹುದು, ಒಂದು ಹೆಜ್ಜೆಯೂ ಮುಂದೆ ಒಯ್ಯುವಂತಿಲ್ಲ. ಇವರ ತಂಡ ಇದುವರೆಗೆ ಬಾವುಟವನ್ನೇ ಕಂಡಿರಲಿಲ್ಲ.

ಮೂರನೆಯ ರೇಸಿಗೆ ಮುಂಚೆ, ಮಳೆಗಾಲ ಕಳೆದಾಗಿನಿಂದ ಲಾಲ್ ಅಹ್ಮದನ ಜೊತೆ ಬಾಳುವುದು ಗೌಸಿಯಾಳಿಗೆ ಇನ್ನಷ್ಟು ತಲೆನೋವಾಯಿತು. ಅವನು ಸ್ಕೂಟರ್ ಓಡಿಸುವುದನ್ನು ಬಿಟ್ಟ. ಟ್ರಾಫಿಕ್ಕಿಗೆ ಬೇಜಾರು ಎಂದ. ಬೆಳಿಗ್ಗೆ ಲ್ಯಾಬಿಗೆ ಬಿಡಬೇಕು, ಸಂಜೆ ಕರೆದುಕೊಂಡು ಬರಬೇಕು. ಮನೆಯೊಳಗೂ ಕಪ್ಪು ಕನ್ನಡಕ. ಬೀದಿಯಲ್ಲಿ ಪರಿಚಯದವರು ಕೈ ಎತ್ತಿದರೆ ಇವನು ಎತ್ತುತ್ತಿರಲಿಲ್ಲ, ನಿನ್ನ ಗಂಡನಿಗೆ ಯಾವಾಗ ಇಷ್ಟು ದಿಮಾಕು ಬಂತೆಂದು ಅವರು ಇವಳನ್ನು ಕೇಳುತ್ತಿದ್ದರು. ಹಿಂದಿನ ಓಣಿಯ ನಾಗಣ್ಣ ಮಾಸ್ತರರ ಮುಂದಿನ ಹಲ್ಲೊಂದಕ್ಕೆ ಬೇರೆಯೇ ಬಣ್ಣ ಕೂಡಿಸಿ ಕೊಟ್ಟಿದ್ದ. ಮಾಸ್ತರರು ಮನೆ ಬಾಗಿಲಲ್ಲಿ ನಿಂತು ಬಾಯಿ ತೆರೆದು ತೋರಿಸಿದರು. ಲಾಲ್ ಅಹ್ಮದ್ ತಪ್ಪನ್ನು ಲ್ಯಾಬಿನ ಟ್ಯೂಬ್‌ಲೈಟಿನ ಮೇಲೆ ಹಾಕಿದ. ಭೀಮಶಾ ಮಾತ್ರ ರಜೆ ಸಿಕ್ಕಾಗಲೆಲ್ಲ ಹಾಜರು. ಇಬ್ಬರೂ ಮಾಳಿಗೆಯ ಮೇಲೆ ಕೂತು ಏನೋ ಗುಸುಗುಸು ನಡೆಸುತ್ತಿದ್ದರು, ಇವಳು ಹತ್ತಿ ಬಂದರೆ ಗಾಳಿಯ ಮಾತು ತೆಗೆಯುತ್ತಿದ್ದರು. ವಯಸ್ಸು ಐವತ್ತು ದಾಟುತ್ತಿದ್ದಂತೆ ಈ ಮನುಷ್ಯನಿಗೆ ಮೈಗಳ್ಳತನ ಹತ್ತಿದೆ ಎಂದು ಗೌಸಿಯಾ ತೀರ್ಮಾನಿಸಿದಳು.

ರೇಸಿನ ದಿನ ಬಿಸಿಲು ಬೇಗ ಏರಿತು. ಬೀದರಿನವರು ಮೊದಲು ಹೋದರು, ಆಮೇಲೆ ಇವರು. ಹಗ್ಗ ಕಳಚಿದ ಗ್ಲೈಡರ್ ಒಳ್ಳೆಯ ಎತ್ತರದಲ್ಲೇ ಬಿಡುಗಡೆಯಾಯಿತು. ಲಾಲ್ ಅಹ್ಮದನ ಕೊರಳಿಗೆ ತೂಗುಬಿಟ್ಟ ಸಣ್ಣ ಪೆಟ್ಟಿಗೆ ಕೀಂಯ್ ಕೀಂಯ್ ಎನ್ನತೊಡಗಿತು. ಮೇಲೆ ಹಾರುವುದರೊಳಗೆ ಒಂದು ಯಂತ್ರವಿರುತ್ತದೆ, ಏರುತ್ತಿದ್ದರೆ ಈ ಪೆಟ್ಟಿಗೆಯ ದನಿ ತೆಳ್ಳಗಾಗುತ್ತ ಹೋಗುತ್ತದೆ, ಇಳಿದರೆ ಗೊಗ್ಗರಾಗುತ್ತದೆ. ಕಿವಿಯ ಹಿಂದೆ ಆ ಸದ್ದು, ತಗಡು ಬಡಿಯುವ ಭೀಮಶಾ, ಎದುರಿಗೆ ಹುಮನಾಬಾದ ಹೆದ್ದಾರಿಯ ಲಾರಿಗಳು. ಗೌಸಿಯಾ ದುಪಟ್ಟಾ ಬಿಗಿದುಕೊಂಡು ಗೇರ್ ಹಾಕಿದಳು.

ಅವರ ಸೂಚನೆಗಳಲ್ಲಿ ಅವತ್ತು ಏನೋ ಎಡವಟ್ಟಿತ್ತು. ಮೊದಲು ಭೀಮಶಾ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಅದನ್ನೇ ಲಾಲ್ ಅಹ್ಮದ್ ದೊಡ್ಡ ದನಿಯಲ್ಲಿ ಅಪ್ಪಣೆ ಕೊಡುತ್ತಿದ್ದ. ಅಷ್ಟರಲ್ಲಿ ತಿರುವು ಹಿಂದೆ ಉಳಿದಿರುತ್ತಿತ್ತು. ಅವರಾದ ಊರು ದಾಟಿದ ಮೇಲೆ ಲಾಲ್ ಅಹ್ಮದ್ "ಬಲಕ್ಕ, ಬಲಕ್ಕ" ಎಂದ. ಬಲಕ್ಕೆ ಹೊಲದ ದಾರಿಯೊಂದು ಇತ್ತು, ಅವಳು ತಿರುವಿದಳು, ಎದುರಿನಿಂದ ಕಲ್ಲು ಹೇರಿದ ಲಾರಿ ಹಾರ್ನ್ ಒತ್ತುತ್ತ ಮೈಮೇಲೆಯೇ ಬಂದು, ಗಾಡಿಯ ಹಿಂಬದಿಯನ್ನು ಸವರುವಷ್ಟು ಹತ್ತಿರದಿಂದ ಹಾದುಹೋಯಿತು. ಗೌಸಿಯಾ ಹೊಲದ ದಾರಿಯಲ್ಲಿ ಬ್ರೇಕ್ ಒತ್ತಿದಳು. ಹಿಂದಿನಿಂದ ಗಂಡನ ದನಿ ಬಂತು, ಬಲಕ್ಕಲ್ಲ, ಎಡಕ್ಕಂತೆ.

ಎಡಕ್ಕಂತೆ. ಯಾರು ಅಂದದ್ದು ಎಡಕ್ಕೆಂದು?

ಮಹಾಗಾಂವ ಕ್ರಾಸಿನ ಬಳಿ ಎಮ್ಮೆಗಳ ಹಿಂಡು ರಸ್ತೆ ದಾಟುತ್ತಿತ್ತು. ಗಾಡಿ ನಿಂತಿತು. ಕನ್ನಡಿಯಲ್ಲಿ ಅವಳಿಗೆ ಹಿಂದಿನ ಇಬ್ಬರೂ ಕಂಡರು. ಲಾಲ್ ಅಹ್ಮದನ ಮುಖ ಬೇವಿನ ಮರದ ಮೇಲಕ್ಕಿತ್ತು. ಭೀಮಶಾ ಅವನ ಹೆಗಲಿಗೆ ಕೈ ಹಾಕಿ ಪೂರಾ ಇನ್ನೊಂದು ದಿಕ್ಕಿಗೆ, ಕೆರೆಯ ಕಡೆಗೆ ನೋಡುತ್ತಿದ್ದ. ಅವಳು ಬಾಗಿಲು ತೆಗೆದು ಇಳಿದಳು. ನಿಮ್ಮ ಹಾರುವ ಜಹಾಜ್ ಎಲ್ಲಿದೆ ತೋರಿಸಿ ಎಂದು ಗಂಡನನ್ನು ಕೇಳಿದಳು. ಮನೆಯಲ್ಲಿ ಅವರದು ದಖನಿ ಮಾತು. ಭೀಮಶಾನಿಗೂ ಮುಟ್ಟಬೇಕಾದ ಸಿಟ್ಟು ಬಂದಾಗ ಅವಳು ಕನ್ನಡಕ್ಕೆ ತಿರುಗುತ್ತಿದ್ದಳು. ಈಗ ಕನ್ನಡದಲ್ಲೇ ಕೇಳಿದಳು.

ಲಾಲ್ ಅಹ್ಮದ್ ಗದ್ದವೆತ್ತಿ ಬೇವಿನ ಮರದ ಮೇಲೆ ಸುತ್ತುತ್ತಿದ್ದುದನ್ನು ತೋರಿಸಿದ. ಅಗೋ ಅಲ್ಲಿ, ಒಳ್ಳೆ ಗಾಳಿ ಹಿಡಿದಿದೆ ಎಂದ.

ಗೌಸಿಯಾ ಕೈ ಅಡ್ಡ ಹಿಡಿದು ನೋಡಿದಳು. ಸ್ವಲ್ಪ ಹೊತ್ತು ನೋಡಿದಳು.

"ನಿಮ್ಮ ಜಹಾಜ ರೆಕ್ಕಿ ಬಡಿಯಾಕತ್ತದ, ನೋಡ್ರಿ" ಎಂದಳು.

ಹದ್ದು ಇನ್ನೆರಡು ಸಲ ರೆಕ್ಕೆ ಬಡಿದು ಮರದಾಚೆ ಇಳಿಯಿತು. ಎಮ್ಮೆಗಳು ದಾಟಿಹೋದವು. ಹಿಂದೆ ನಿಂತ ಜೀಪಿನವನು ಹಾರ್ನ್ ಒತ್ತಿ, ಬೈದು, ಸುತ್ತಿಕೊಂಡು ಮುಂದೆ ಹೋದ. ಲಾಲ್ ಅಹ್ಮದ್ ಮೊದಲ ಸಲ ಕತ್ತು ಇಳಿಸಿದ. ಭೀಮಶಾ ತನ್ನ ಚಪ್ಪಲಿ ನೋಡಿಕೊಂಡ, ನಂತರ ನೆನಪಾದವನಂತೆ ಗಡಬಡಿಸಿ ಮತ್ತೆ ಕೆರೆಯ ಮೇಲಿನ ಮುಗಿಲು ನೋಡಿದ. ಯಾರಾದರೂ ಒಬ್ಬರು ಅದನ್ನು ನೋಡುತ್ತಲೇ ಇರಬೇಕಿತ್ತಲ್ಲ.

ಗೌಸಿಯಾ ಗಾಡಿಯನ್ನು ಬದಿಗೆ ಹಚ್ಚಿ, ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದು ಬಂದು ನಿಂತಳು. ಭೀಮಶಾ ಮುಗಿಲಿನಿಂದ ಕಣ್ಣು ಕೀಳದೆ, ಕುತ್ತಿಗೆ ಎತ್ತಿಕೊಂಡೇ ಎಲ್ಲವನ್ನೂ ಒಪ್ಪಿಸಿದ. ದೀಪಾವಳಿಗಿಂತ ಮೊದಲಿನಿಂದ ಭಾಯಿಗೆ ಬಿಸಿಲಲ್ಲಿ ಕಾಣುವುದಿಲ್ಲ. ಎರಡೂ ಕಣ್ಣಲ್ಲಿ ಪೊರೆ. ಲ್ಯಾಬಿನ ದೀಪದ ಕೆಳಗೆ, ಮೂಗಿನ ಹತ್ತಿರ ಹಿಡಿದರೆ ಹೇಗೋ ನಡೆಯುತ್ತದೆ. ಹೊರಗೆ ಬಂದರೆ ಎದುರಿಗೆ ಬಿಳಿ ಪರದೆ ಕಟ್ಟಿದಂತೆ, ಅಲುಗಾಡುವುದು ಬರೀ ನೆರಳಿನಂತೆ. ಡಾಕ್ಟರು ಆಪರೇಷನ್ ಅಂದಿದ್ದಾರೆ. ಪೆಟ್ಟಿಗೆಯ ಸದ್ದು ಕೇಳಿ ಏರುವುದು ಇಳಿಯುವುದು ಭಾಯಿಗೆ ಗೊತ್ತಾಗುತ್ತದೆ, ಎಡ ಬಲ ಮಾತ್ರ ತಾನು ಹೇಳುತ್ತೇನೆ. ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ್ದೇವೆ, ಬಯಲಿನಲ್ಲಿ ಒಂದು ಸಲವೂ ತಪ್ಪಿಲ್ಲ.

ಬಯಲಿನಲ್ಲಿ ಲಾರಿ ಬರುವುದಿಲ್ಲ ಎಂದು ಗೌಸಿಯಾ ಹೇಳಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಆ ಲಾರಿ ಎದುರಿಗಿತ್ತು. ನೀವು ಬಲಕ್ಕ ಅಂದ್ರಿ, ನಾ ತಿರುವಿದೆ. ಕಾಣಲಾರದ ಮನಶ್ಯಾ ಅಂದದ್ದು ಕೇಳಿ ತಿರುವಿದೆ ನಾ."

ಲಾಲ್ ಅಹ್ಮದ್ ಕಪ್ಪು ಕನ್ನಡಕ ತೆಗೆದ. ಬಿಸಿಲಿಗೆ ಕಣ್ಣು ಕಿವುಚಿಕೊಂಡಿತು. "ಕಣ್ಣು ಕೊಯ್ಸಿಕೊಂಡು ಏನರ ಹೆಚ್ಚುಕಮ್ಮಿ ಆದ್ರ ನಾ ಏನ್ ಮಾಡ್ಲಿ, ಗೌಸಿಯಾ? ನನಗ ಹಲ್ಲು ಬಿಟ್ಟರ ಬ್ಯಾರೆ ಏನೂ ಬರಂಗಿಲ್ಲ" ಎಂದ. ರೇಸ್ ಒಂದು ಮುಗಿಯಲಿ, ಆಮೇಲೆ ಹೇಳೋಣ ಎಂದಿದ್ದೆ ಎಂದೂ ಸೇರಿಸಿದ.

ರೇಸ್ ಮುಗಿಯಲಿ. ಕುಕ್ಕರ್ ಕೇಳಿದಾಗಲೂ ರೇಸ್ ಮುಗಿಯಲಿ, ಸುಣ್ಣ ಬಳಿಸೋಣ ಎಂದಾಗಲೂ ರೇಸ್ ಮುಗಿಯಲಿ. ಕಣ್ಣು ಹೋಗುತ್ತಿದ್ದರೂ ರೇಸ್ ಮುಗಿಯಲಿ. ಅವಳಿಗೆ ಅಳು ಬಂತೋ ಹೊಡೆಯಬೇಕೆನಿಸಿತೋ ಅವಳಿಗೇ ತಿಳಿಯಲಿಲ್ಲ. ಇಷ್ಟು ತಿಂಗಳು ಅದೇ ಮನೆಯಲ್ಲಿದ್ದು, ದಿನಾ ಲ್ಯಾಬಿಗೆ ಬಿಟ್ಟು ಬಂದು, ತನಗೆ ಗೊತ್ತಾಗಲಿಲ್ಲವಲ್ಲ ಎಂಬ ಕಿರಿಕಿರಿಯೂ ಅದರಲ್ಲಿ ಸೇರಿಕೊಂಡು ಮೈಯೆಲ್ಲ ಉರಿಯಿತು. ದಿಮಾಕು ಎಂದವರಿಗೆ ತಾನೂ ಹೌದು ಎಂದಿದ್ದಳು.

ಪೆಟ್ಟಿಗೆಯ ದನಿ ಮಾತ್ರ ತೆಳ್ಳಗಾಗುತ್ತಲೇ ಇತ್ತು. ಅದೆಲ್ಲಿದೆ ಎಂದು ಅವಳು ಭೀಮಶಾನನ್ನು ಕೇಳಿದಳು. ಅವನು ಅವಳ ತಲೆಯ ಹಿಂದೆ ನಿಂತು ಬೆರಳಿನ ತುದಿ ತೋರಿಸಿದ. ಮೊದಲು ಏನೂ ಇರಲಿಲ್ಲ, ಬರೀ ಬೆಳಕು. ಆಮೇಲೆ ನೀಲಿಯೊಳಗೆ ಒಂದು ತೆಳು ಗೆರೆ ಹೊಳೆದು ಮಾಯವಾಯಿತು, ತಿರುಗಿದಾಗ ಮತ್ತೆ ಹೊಳೆಯಿತು. ಅಷ್ಟು ಎತ್ತರದಲ್ಲಿ, ಯಾವ ಸದ್ದೂ ಇಲ್ಲದೆ, ಅವಸರವೇ ಇಲ್ಲದೆ ಸುತ್ತುತ್ತಿತ್ತು. ಮೂರು ವರ್ಷದಿಂದ ಅದರ ಕೆಳಗೆ ಗಾಡಿ ಓಡಿಸಿದ್ದಳು. ರಸ್ತೆ ಬಿಟ್ಟು ಕಣ್ಣೆತ್ತಲು ಆಗದ ಕೆಲಸ ಅವಳದು, ಅದು ಹಾರುವುದನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಚಂದವೇ ಇತ್ತು. ಅದು ಅಷ್ಟು ಚಂದ ಇದ್ದದ್ದು ಅವಳಿಗೆ ಇನ್ನೂ ಸಿಟ್ಟು ತರಿಸಿತು.

ಇಳಿಸಿರಿ ಎಂದಳು. ಭೀಮಶಾ ಗೋಗರೆದ. ಇಷ್ಟು ಎತ್ತರ ಎಂದೂ ಸಿಕ್ಕಿಲ್ಲ, ಕಮಲಾಪುರ ಇಲ್ಲೇ ಮುಂದಿದೆ, ಬಾವುಟ ಒಂದು ಸುತ್ತಿಬಿಡೋಣ ಭಾಬಿ, ವಾಪಸು ಬರುವುದು ಬೇಡ. ಲಾಲ್ ಅಹ್ಮದ್ ಏನೂ ಕೇಳಲಿಲ್ಲ, ಒಂದು ಕೈ ರಿಮೋಟಿನ ಮೇಲಿಟ್ಟು ಇನ್ನೊಂದರಲ್ಲಿ ಕನ್ನಡಕ ತಿರುವುತ್ತ ಕೂತಿದ್ದ. ಅವನು ಕೇಳಿದ್ದರೆ ಅವಳು ಖಂಡಿತ ಇಲ್ಲ ಎನ್ನುತ್ತಿದ್ದಳು. ಹೆದ್ದಾರಿ ಹತ್ತುವುದಿಲ್ಲ, ಹೊಲದ ದಾರಿಯಲ್ಲಿ ಎತ್ತಿನ ಬಂಡಿಯ ಹಾಗೆ ಹೋಗುತ್ತೇನೆ, ಅಷ್ಟರಲ್ಲಿ ಎಲ್ಲಿ ಬೀಳುತ್ತದೋ ಬೀಳಲಿ ಎಂದು ಹೇಳಿ ಕೀಲಿ ಹಾಕಿದಳು.

ಹಾಗೆಯೇ ಹೋದರು. ಬಿಳಿಜೋಳದ ಹೊಲಗಳ ನಡುವೆ, ಮೊದಲ ಗೇರಿನಲ್ಲಿ, ಗುಂಡಿ ಗುಂಡಿಗೂ ಕುಲುಕುತ್ತ. ಕಪ್ಪು ನೆಲ ಮುಗಿದು ಕೆಂಪು ನೆಲ ಬಂತು. ಸೊಲ್ಲಾಪುರದವರ ಗಾಡಿ ದೂರದ ಹೆದ್ದಾರಿಯಲ್ಲಿ ಧೂಳೆಬ್ಬಿಸುತ್ತ ಇವರನ್ನು ದಾಟಿತು. ಭೀಮಶಾ ಈಗ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿದ್ದ, ಮುಚ್ಚುಮರೆ ಇರಲಿಲ್ಲ. ಕಮಲಾಪುರದ ಬಾಳೆತೋಟಗಳು ಕಾಣುವಷ್ಟರಲ್ಲಿ ಪೆಟ್ಟಿಗೆಯ ದನಿ ಗೊಗ್ಗರಾಯಿತು. ನೀರು ಹಾಯಿಸಿದ ತೋಟದ ತಂಪು ನೆಲದಿಂದ ಬಿಸಿಗಾಳಿ ಏಳುವುದಿಲ್ಲ. ಗ್ಲೈಡರ್ ಸರಸರನೆ ಇಳಿಯತೊಡಗಿತು. ಎಡಕ್ಕೆ ಆಳೆತ್ತರದ ಜೋಳ, ಬಲಕ್ಕೆ ಬಾಳೆ, ಇಳಿಸಲು ಉಳಿದದ್ದು ನಡುವೆ ಗಾಡಿ ನಿಂತಿದ್ದ ಆ ಒಂದೇ ದಾರಿ.

ಅವಳು ಇಳಿದು ಹಿಂದೆ ಹತ್ತಿದಳು. ಭೀಮಶಾ ಹೆದರಿ ಒಂದೇ ಉಸಿರಿಗೆ ರೈಟ್, ಲೆಫ್ಟ್, ರೈಟ್ ಎನ್ನುತ್ತಿದ್ದ. ಅವನಿಗೆ ಬಾಯಿ ಮುಚ್ಚಲು ಹೇಳಿ, ಗಂಡನ ಬೆನ್ನಿಗೆ ಕೈಯೂರಿ ನಿಂತು ತಾನೇ ಹೇಳತೊಡಗಿದಳು. ದಾರಿಯ ಆ ತುದಿಯಿಂದ ಅದು ಇವರ ಎದುರಿಗೆ ಬರುತ್ತಿತ್ತು. ಸ್ವಲ್ಪ ಎಡಕ್ಕೆ ಎಂದಳು. ಅವನು ಎಡಕ್ಕೆ ಒತ್ತಿದ. ಅದು ಬಲಕ್ಕೆ ಹೊರಳಿತು. ಎಡಕ್ಕೆ ಎಂದು ಜೋರಾಗಿ ಹೇಳಿದಳು. ಇನ್ನಷ್ಟು ಬಲಕ್ಕೆ ಹೋಯಿತು. ಎದುರಿಗೆ ಬರುವುದರ ಎಡ ನೋಡುವವರ ಬಲ ಎಂಬುದು ಅವಳಿಗೆ ಹೊಳೆಯುವ ಹೊತ್ತಿಗೆ, ಉದ್ದನೆಯ ಬಿಳಿ ರೆಕ್ಕೆ ಬಾಳೆಯ ಮೊದಲ ಸಾಲಿನ ಎಲೆಗಳನ್ನು ಸರ್ರನೆ ಸೀಳಿ, ಎರಡನೆಯ ಸಾಲಿನಲ್ಲಿ ಸಿಕ್ಕು, ಅರ್ಧ ಸುತ್ತು ತಿರುಗಿ ಗಿಡಗಳ ನಡುವೆ ಕೂತುಬಿಟ್ಟಿತು.

ತೋಟದ ಒಡತಿ ಯಮನಮ್ಮ ಕುಡುಗೋಲು ಹಿಡಿದೇ ಬಂದಳು. ಕೆಂಬಾಳೆಯ ಗೊನೆ ಹೊತ್ತ ಗಿಡವೊಂದು ಹೊಡೆತಕ್ಕೆ ವಾಲಿ ನಿಂತಿತ್ತು. ಅದನ್ನು ನೋಡಿದಳು, ಗ್ಲೈಡರ್ ನೋಡಿದಳು, ಮೂವರನ್ನೂ ನೋಡಿದಳು.

"ಯಾ ಇಲಾಖೆದವ್ರು ನೀವು?" ಎಂದು ಕೇಳಿದಳು.

ಇಲಾಖೆಯವರಲ್ಲ, ಇದು ಆಟ ಎಂದು ಭೀಮಶಾ ವಿವರಿಸಲು ಹೋದ. ಗೆದ್ದರೆ ಏನು ಸಿಗುತ್ತದೆ ಎಂದು ಅವಳು ಕೇಳಿದಳು. ಒಂದು ಕಪ್ ಎಂದ. ಯಮನಮ್ಮ ಗೌಸಿಯಾಳ ಮುಖ ನೋಡಿದಳು. ಆ ನೋಟದಲ್ಲಿದ್ದ ಪ್ರಶ್ನೆಯನ್ನು ಮೂರು ವರ್ಷದಿಂದ ಗೌಸಿಯಾ ತಾನೂ ಕೇಳಿಕೊಳ್ಳುತ್ತಿದ್ದಳು. ತಪ್ಪಾಯಿತೆಂದು ಹೇಳಿ, ಗಾಡಿಯಲ್ಲಿದ್ದ ಹಗ್ಗ ತೆಗೆದುಕೊಟ್ಟಳು. ವಾಲಿದ ಗಿಡಕ್ಕೆ ಯಮನಮ್ಮನೇ ಎರಡು ಕೋಲು ಊರಿದಳು, ಭೀಮಶಾ ಬಿಗಿದು ಕಟ್ಟಿದ. ಅಷ್ಟು ಹೊತ್ತೂ ಲಾಲ್ ಅಹ್ಮದ್ ಸಾಲುಗಳ ನಡುವೆ ಕೈ ಮುಂದೆ ಚಾಚಿಕೊಂಡು, ಗಿಡ ಗಿಡ ಮುಟ್ಟುತ್ತ ಗ್ಲೈಡರನ್ನು ಹುಡುಕುತ್ತಿದ್ದ. ಅದರ ಪಕ್ಕದಿಂದಲೇ ಒಮ್ಮೆ ಹಾದುಹೋದ.

"ಕಣ್ಣು ಕಾಣಂಗಿಲ್ಲೇನವ್ವಾ ಅವನಿಗಿ?" ಎಂದಳು ಯಮನಮ್ಮ.

"ಇಲ್ರೀ, ಕಾಣಂಗಿಲ್ಲ" ಎಂದಳು ಗೌಸಿಯಾ. ಹೋಗಿ ಅವನ ಮಣಿಕಟ್ಟು ಹಿಡಿದು, ರೆಕ್ಕೆಯ ಮೇಲೆ ಅವನ ಕೈ ಇಟ್ಟಳು.

ಕಣ್ಣಾಸ್ಪತ್ರೆಗೆ ಕರೆದೊಯ್ಯುವುದು ಅದಕ್ಕಿಂತ ದೊಡ್ಡ ರೇಸಾಯಿತು. ಮೊದಲ ಸಲ ಬಾಗಿಲತನಕ ಬಂದವನು ಕೆಮ್ಮು ಇದೆ ಎಂದು ಹಿಂದಿರುಗಿದ. ಎರಡನೆಯ ಸಲ ಲ್ಯಾಬಿನಲ್ಲಿ ತುರ್ತು ಕೆಲಸ. ಎಲ್ಲೋ ಯಾರದೋ ಕಣ್ಣು ಕೆಟ್ಟುಹೋದ ಕಥೆಗಳನ್ನು ಭೀಮಶಾ ಬಸ್ಸಿನಲ್ಲಿ ಕೇಳಿ ತಂದು ಹೇಳುತ್ತಿದ್ದ. ಗೌಸಿಯಾ ಅವನನ್ನು ಮನೆಗೆ ಬರದಂತೆ ತಡೆದಳು. ಕಡೆಗೆ ಕೂಲರಿನ ಸೀಸನ್ ಶುರುವಾಗಿ, ಒಂದು ದಿನ ಅಂಗಡಿಯ ಮುಂದೆ ಗಿರಾಕಿಗಳು ಕಾಯುತ್ತಿರುವಾಗಲೇ ಗಂಡನನ್ನು ಗಾಡಿಗೆ ಹತ್ತಿಸಿಕೊಂಡು ಹೋದಳು. ಇಳಿಯದಿದ್ದರೆ ನಾನೂ ಇಳಿಯುವುದಿಲ್ಲ, ಸಂಜೆತನಕ ಇಲ್ಲೇ ಕೂರೋಣ ಎಂದು ಆಸ್ಪತ್ರೆಯ ಗೇಟಿನಲ್ಲಿ ಎಂಜಿನ್ ಆರಿಸಿದಳು. ಹಿಂದೆ ಆಟೋಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ಅವನು ನಾಚಿಕೊಂಡು ಇಳಿದ. ಒಳಗೆ ಕರೆಯುವಾಗ ಅವಳ ಕೈ ಹಿಡಿದ ಅವನ ಕೈ ತಣ್ಣಗಿತ್ತು. ಬಾಗಿಲು ಮುಚ್ಚಿದ ಮೇಲೆ ಅವಳು ಬೆಂಚಿನ ಮೇಲೆ ಕೂತು, ಅದುವರೆಗೆ ಬೈದ ಬೈಗುಳವನ್ನೆಲ್ಲ ವಾಪಸು ತೆಗೆದುಕೊಳ್ಳುವವಳಂತೆ ದುವಾ ಓದಿದಳು.

ಒಂದು ಕಣ್ಣು, ರಂಜಾನ್ ಕಳೆದು ಇನ್ನೊಂದು. ಏನೂ ಕೆಡಲಿಲ್ಲ. ಪಟ್ಟಿ ಬಿಚ್ಚಿದ ಮರುದಿನ ಲಾಲ್ ಅಹ್ಮದ್ ಮನೆಯ ತುಂಬ ಓಡಾಡಿ ಎಲ್ಲವನ್ನೂ ನೋಡಿದ. ಗೋಡೆ ಇಷ್ಟು ಕೊಳೆಯಾದದ್ದು ಯಾವಾಗ ಎಂದ. ಅವಳ ತಲೆಯಲ್ಲಿ ನರೆಗೂದಲು ಕಂಡು ಹತ್ತಿರ ಬಂದು ನೋಡಿದ. ನಾಗಣ್ಣ ಮಾಸ್ತರರನ್ನು ಕರೆಸಿ, ಬಾಯಿ ತೆರೆಸಿ ನೋಡಿ, ತಲೆ ತಗ್ಗಿಸಿ, ಹೊಸ ಹಲ್ಲು ಮಾಡಿಕೊಟ್ಟ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಮುಂದಿನ ವಾರ ಗಾಡಿಯ ಮುಂದಿನ ಸೀಟಿನಲ್ಲಿ ಅವಳ ಪಕ್ಕ ಕೂತವನು ಕಾಣುವುದನ್ನೆಲ್ಲ ಹೇಳತೊಡಗಿದ. ಮುಂದೆ ಸ್ಪೀಡ್ ಬ್ರೇಕರ್ ಇದೆ. ಆ ಸ್ಕೂಟರಿನವನು ತಿರುಗುತ್ತಾನೆ ನೋಡು. ಸಿಗ್ನಲ್ ಹಳದಿಯಾಯಿತು. ಗಾಡಿಯ ಎಡಗಡೆ ಇಷ್ಟು ಗೀರು ಹೇಗೆ ಬಿತ್ತು, ಸ್ವಲ್ಪ ನೋಡಿಕೊಂಡು ಓಡಿಸಬಾರದೆ?

ಗೌಸಿಯಾ ಗಾಡಿ ನಿಲ್ಲಿಸಿ ಅವನನ್ನು ಇಳಿಸಿ, ಆಟೋ ಹಿಡಿದು ಬರಲು ಹೇಳಿ ಹೋದಳು.

ಮುಂದಿನ ಫೆಬ್ರವರಿಗೆ ಅವಳು ಷರತ್ತು ಹಾಕಿದಳು. ಭೀಮಶಾ ಬಾಯಿಂದ ರೈಟ್ ಬಂದರೆ ಗಾಡಿ ನಿಲ್ಲುತ್ತದೆ. ಎಡಕ್ಕೆ ಎನ್ನುವ ಮೊದಲು ಎಡಕ್ಕೆ ರಸ್ತೆ ಇದೆಯೋ ಇಲ್ಲವೋ ನೋಡಬೇಕು, ಈಗ ಕಣ್ಣಿದೆಯಲ್ಲ. ಇಬ್ಬರೂ ಒಪ್ಪಿದರು. ರೇಸಿನ ದಿನ ಅವರಾದ ಮುಟ್ಟುವುದರೊಳಗೆ ಎರಡೂ ಷರತ್ತು ಮುರಿದವು. ಅವಳು ಗಾಡಿ ನಿಲ್ಲಿಸಿದಳು, ಅವರು ಕೈಮುಗಿದರು, ಹೀಗೆ ನಿಲ್ಲುತ್ತ ಹೊರಡುತ್ತ ಹೋಗಿ, ಎರಡು ಸಲ ಕೆಳಗಿಳಿದು ಮತ್ತೆ ಏರಿಸಿ, ಆ ಕೆಂಪು ಬಾವುಟವನ್ನು ಅಂತೂ ಸುತ್ತಿ, ಬಿಸಿಲು ಇಳಿಯುವ ಹೊತ್ತಿಗೆ ತಾಜಸುಲ್ತಾನಪುರದ ಬಯಲಿಗೆ ವಾಪಸಾದರು. ನಾಲ್ಕು ತಂಡಗಳಲ್ಲಿ ಮೂರನೆಯವರು. ನಾಲ್ಕನೆಯ ಗ್ಲೈಡರ್ ಗಂಡೋರಿ ನಾಲಾ ಅಣೆಕಟ್ಟಿನ ಹಿನ್ನೀರಿನಲ್ಲಿ ಬಿದ್ದಿತ್ತು. ಲಾಲ್ ಅಹ್ಮದ್ ಮತ್ತು ಭೀಮಶಾ ಒಬ್ಬರನ್ನೊಬ್ಬರು ಅಪ್ಪಿಕೊಂಡು, ಗೆದ್ದವರಿಗಿಂತ ಹೆಚ್ಚು ಸಡಗರ ಮಾಡಿದರು.

ಗೌಸಿಯಾ ಅವರ ಹತ್ತಿರ ಹೋಗಲಿಲ್ಲ. ಸೊಂಟ ಹಿಡಿದಿತ್ತು. ಸೊಲ್ಲಾಪುರದವರ ಟೆಂಪೋ ನೆರಳಿನಲ್ಲಿ ಅದರ ಡ್ರೈವರ್ ಮಾಳಿಂಗರಾಯ ಚಾಪೆ ಹಾಸಿಕೊಂಡು ಕೂತಿದ್ದ. ಬೀದರಿನ ಡ್ರೈವರೂ ಅಲ್ಲೇ ಕಾಲು ಚಾಚಿದ್ದ. ಅವಳನ್ನು ಕಂಡು ಜಾಗ ಬಿಟ್ಟು ಸರಿದರು, ಚಹಾ ಕೊಟ್ಟರು.

"ಅಕ್ಕಾರೆ, ನಿಮ್ಮವ್ರೂ ರಸ್ತಾ ಇಲ್ಲದ ಕಡಿ ತಿರುವು ಅಂತಾರೇನ್ರೀ?" ಎಂದು ಮಾಳಿಂಗರಾಯ ಮೆಲ್ಲಗೆ ಕೇಳಿದ. ತನ್ನ ಧಣಿ ಇವತ್ತು ರೈಲ್ವೆ ಹಳಿಯ ಮೇಲೆ ಹೋಗು ಎಂದಿದ್ದ ಎಂದ. ಹಳಿಯ ಮೇಲೆ ಹೋಗಲಿಕ್ಕೆ ಇದೇನು ರೈಲೇನ್ರೀ ಎಂದರೆ, ಮೇಲೆ ನೋಡುತ್ತಲೇ, ಸ್ವಲ್ಪ ದೂರ ಅಷ್ಟೇ ಎಂದನಂತೆ.

ಗೌಸಿಯಾ ನಕ್ಕಳು. ನಗು ನಿಲ್ಲದೆ ಚಹಾ ಕೈಮೇಲೆ ಚೆಲ್ಲಿತು. ಬಯಲಿನ ಆ ಕಡೆಯಿಂದ ಲಾಲ್ ಅಹ್ಮದ್, ರೆಕ್ಕೆ ಬಿಚ್ಚಬೇಕು, ಒಂದು ಕೈ ಹಿಡಿ ಬಾ ಎಂದು ಕರೆದ. ಎರಡನೆಯ ಸಲವೂ ಕರೆದ. ಅವಳು ಅತ್ತ ತಿರುಗದೆ, ತಡೆಯಿರಿ ಎಂದು ಕೈ ಮಾತ್ರ ಎತ್ತಿ ತೋರಿಸಿ, ಆಮೇಲೆ ಏನಾಯಿತು ಹೇಳು ಎಂದು ಮಾಳಿಂಗರಾಯನನ್ನು ಕೇಳಿದಳು.